ಹುಣಸೆಹುಳಿಯಲ್ಲಿ ಮಿಂದ ರಾಣಿ

ಕುವೈತಿನ ರಿಗ್ಗೈಯಲ್ಲಿದ್ದ ನಮ್ಮ ಫ್ಲ್ಯಾಟಿನ ಅಡುಗೆಮನೆಯ ಕಿಟಕಿಕಟ್ಟೆಯ ಮೇಲೆ ಎರಡು ಬಗೆಯ ಭರಣಿಗಳಿರುತ್ತಿದ್ದವು. ಒಂದು ಬಗೆ ನನ್ನದು. ಊರಿಂದ ತಂದ ಮಿಡಿ ಉಪ್ಪಿನಕಾಯಿ, ಲಿಂಬೆ ಉಪ್ಪಿನಕಾಯಿ. ಇನ್ನೊಂದು ಬಗೆ ನನ್ನ ಗಂಡನದು. ಆಲಿವ್ ಎಣ್ಣೆಯಲ್ಲಿ ತಿಂಗಳುಗಟ್ಟಲೆ ಮುಳುಗಿ ಕುಳಿತ ರೋಮನ್ ಕಂಚಿನ ನಾಣ್ಯಗಳು. ದೂರದಿಂದ ನೋಡಿದರೆ ಎರಡೂ ಒಂದೇ, ಎಣ್ಣೆಯಡಿಯಲ್ಲಿ ಕಪ್ಪಗೆ ಏನೋ. ಊಟಕ್ಕೆ ಬಂದವರು ಸಲಿಗೆಯಿಂದ ತಾವೇ ಎದ್ದು ಹೋಗಿ ತಪ್ಪು ಭರಣಿಗೆ ಚಮಚ ಹಾಕಿದ್ದುಂಟು. ಚೀಟಿ ಅಂಟಿಸಿ ನೋಡಿದೆ, ಎಣ್ಣೆ ತಾಗಿ ಚೀಟಿ ಜಾರಿ ಬಿತ್ತು. ಕೊನೆಗೆ ಸೋತವಳು ನಾನೇ. ನನ್ನ ಉಪ್ಪಿನಕಾಯಿ ಫ್ರಿಜ್ಜಿಗೆ ಹೋಯಿತು, ಚಕ್ರವರ್ತಿಗಳು ಕಿಟಕಿಯಲ್ಲೇ ಉಳಿದರು.

ನಾನು ಮದುವೆಯಾಗಿ ಕುವೈತಿಗೆ ಬಂದದ್ದು ತೊಂಬತ್ತರ ದಶಕದ ನಡುವಿನಲ್ಲಿ. ನನಗೆ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸ ಸಿಕ್ಕಿತು. ಗಂಡ ಕಟ್ಟಡ ಕಂಪೆನಿಯೊಂದರಲ್ಲಿ ನಕ್ಷೆ ಬರೆಯುವವರು. ನಮ್ಮ ಮಂಗಳೂರು ಕಡೆಯ ಕೊಂಕಣಿ ಗಂಡಸರಿಗೆ ವಾರದ ರಜೆಯಾದ ಶುಕ್ರವಾರವೆಂದರೆ ಬೆಳಿಗ್ಗೆ ಚರ್ಚು, ಆಮೇಲೆ ಕ್ರಿಕೆಟ್ಟು ಇಲ್ಲವೇ ಇಸ್ಪೀಟು, ಸಂಜೆ ನಮ್ಮ ದೇಶದವರೇ ತುಂಬಿದ ಅಬ್ಬಾಸಿಯಾಕ್ಕೆ ಒಂದು ಸುತ್ತು. ನನ್ನವರಿಗೆ ಮಾತ್ರ ಪೂಜೆ ಮುಗಿಯುತ್ತಲೇ ಕಾಲು ಶುಕ್ರವಾರದ ಸಂತೆಯ ಕಡೆ ತಿರುಗುತ್ತಿತ್ತು. ಹಳೆಯ ಸೋಫಾಗಳು, ರತ್ನಗಂಬಳಿಗಳು, ಪಂಜರದ ಗಿಳಿಗಳು, ಮನೆ ಖಾಲಿ ಮಾಡಿದವರು ಬಿಟ್ಟುಹೋದ ಇಸ್ತ್ರಿಪೆಟ್ಟಿಗೆಗಳು, ಇದನ್ನೆಲ್ಲ ದಾಟಿ ಹೋದರೆ ಒಂದು ಮೂಲೆಯಲ್ಲಿ ಸಿರಿಯಾದ ಮುದುಕನೊಬ್ಬ ಕೂರುತ್ತಿದ್ದ. ಅವನ ಮುಂದೆ ಜಪಸರಗಳು, ನಿಂತುಹೋದ ಗಡಿಯಾರಗಳು, ಮತ್ತೆ ಒಂದು ಪ್ಲಾಸ್ಟಿಕ್ ಬೋಗುಣಿಯ ತುಂಬ ಮಣ್ಣು ಮೆತ್ತಿದ ನಾಣ್ಯಗಳು. ಮೊದಲ ಸಲ ಹೋದಾಗ ನಾನು ಹೊಸ ಮದುಮಗಳು. ಚಿನ್ನದ ಅಂಗಡಿಗೆ ಕರೆದೊಯ್ಯುತ್ತಾರೆ ಎಂದುಕೊಂಡು ಒಳ್ಳೆಯ ಸೀರೆ ಉಟ್ಟಿದ್ದೆ. ಕಟ್ಟಿಕೊಂಡ ಗಂಡ ಬಿಸಿಲಲ್ಲಿ ಕುಕ್ಕರಗಾಲಲ್ಲಿ ಕೂತು ಮಣ್ಣುಂಡೆ ಹೆಕ್ಕುತ್ತಿದ್ದರು. ನನ್ನ ಮುಖ ನೋಡಿ ಮುದುಕನಿಗೇ ಕನಿಕರ ಬಂತು.

"ಸಬ್ ರಾಜಾ ಹೈ, ಮೇಡಂ," ಎಂದು ಹರಕು ಹಿಂದಿಯಲ್ಲಿ ಸಮಾಧಾನ ಹೇಳಿದ. ಎಲ್ಲರೂ ರಾಜರೇ.

ಆ ರಾಜರು ಹೊರಗೆ ಬರುವುದು ಬಲು ನಿಧಾನ. ಎಣ್ಣೆಯಲ್ಲಿ ನೆನೆದು ಮಣ್ಣು ಮೆತ್ತಗಾಗಬೇಕು. ಆಮೇಲೆ ದಿನಕ್ಕಿಷ್ಟು ಎಂದು ಹಲ್ಲುಕಡ್ಡಿಯಿಂದ ಕೆದಕಬೇಕು. ಆಫೀಸಿನಿಂದ ಬಂದು ಚಾ ಕುಡಿದವರೇ ಅವರು ಊಟದ ಮೇಜಿನ ಮೇಲೆ ಹಳೆಯ ಪೇಪರು ಹಾಸಿ ಕೂತುಬಿಡುತ್ತಿದ್ದರು. ಮೊದಲು ಕಾಣುವುದು ಮೂಗು. ಆಮೇಲೆ ಕಿರೀಟ. ಕೆಲವರದು ಸೂರ್ಯನ ಕಿರಣದ ಹಾಗೆ ಮುಳ್ಳುಮುಳ್ಳು, ಕೆಲವರದು ಎಲೆಗಳ ಮಾಲೆ, ಹಿಂದೆ ಕುತ್ತಿಗೆಯ ಮೇಲೆ ರಿಬ್ಬನ್ನಿನ ಗಂಟು. ನಾಣ್ಯದ ಇನ್ನೊಂದು ಮಗ್ಗುಲಲ್ಲಿ ಧ್ವಜ ಹಿಡಿದ ಇಬ್ಬರು ಸೈನಿಕರು, ತಲೆಯ ಮೇಲೆ ನಕ್ಷತ್ರವಿರುವ ಕೋಟೆಬಾಗಿಲು, ಹೂಮಾಲೆ ಹಿಡಿದು ಹಾರಿ ಬರುವ ರೆಕ್ಕೆಯ ಹೆಂಗಸು, ಅವಳಿ ಮಕ್ಕಳಿಗೆ ಹಾಲೂಡುವ ತೋಳ, ಕುದುರೆಯಿಂದ ಶತ್ರುವನ್ನು ಕೆಳಗೆ ಬೀಳಿಸಿ ಈಟಿಯಿಂದ ತಿವಿಯುವ ಯೋಧ.

"ಇದೇ ಆಗಿನ ಪೇಪರು, ಇದೇ ಆಗಿನ ಟೀವಿ," ಎನ್ನುತ್ತಿದ್ದರು. "ದೂರದ ಊರಿನವನಿಗೆ ರಾಜ ಬದಲಾದದ್ದು ಗೊತ್ತಾಗುದೇ ಇದರಲ್ಲಿ. ಯುದ್ಧದಲ್ಲಿ ಸೋತರೂ ಗೆದ್ದೆವು ಅಂತ ಅಚ್ಚು ಹೊಡೀತಾರೆ. ರಾಜನಿಗೆ ವಯಸ್ಸಾದರೂ ನಾಣ್ಯದಲ್ಲಿ ಆಗುದಿಲ್ಲ."

"ಮದುವೆಗೆ ಮೊದಲು ನೀವು ಕಳಿಸಿದ ಫೋಟೋದ ಹಾಗೆ," ಎಂದೆ. ಆ ಫೋಟೋದಲ್ಲಿ ಅವರ ತಲೆ ತುಂಬ ಕೂದಲಿತ್ತು.

ಅವರು ಬಾಯಿ ತುಂಬ ನಕ್ಕರು. ನಾಲ್ಕು ಜನ ಸೇರಿದ ಕಡೆ ತುಟಿ ಬಿಚ್ಚದ ಮನುಷ್ಯ ಅದು. ನಾಣ್ಯದ ಮುಂದೆ ಕೂತರೆ ಮಾತು ಹರಿಯುತ್ತಿತ್ತು. ಆ ಮಾತು ಕೇಳಲೆಂದೇ ನಾನೂ ಒಂದು ಹಲ್ಲುಕಡ್ಡಿ ಹಿಡಿದು ಪಕ್ಕದಲ್ಲಿ ಕೂರುತ್ತಿದ್ದೆ. ಅವರನ್ನು ನಾನು ಪ್ರೀತಿಸತೊಡಗಿದ್ದು ಊಟದ ಆ ಮೇಜಿನಲ್ಲೇ. ಮದುವೆಯಾಗಿ ಆಗಲೇ ಕೆಲವು ತಿಂಗಳಾಗಿತ್ತು ಎಂಬುದು ಬೇರೆ ವಿಷಯ.

ಈ ವಿದ್ಯೆಯಲ್ಲಿ ಅವರಿಗೊಬ್ಬ ಗುರುವಿದ್ದರು. ಲೆಬನಾನಿನವರು, ವೃತ್ತಿಯಲ್ಲಿ ಹಲ್ಲಿನ ಡಾಕ್ಟರು, ರುಮೈಥಿಯಾದ ಬಳಿ ಮನೆ. ಸಂತೆಯ ಅದೇ ಬೋಗುಣಿಯ ಮುಂದೆ ಪರಿಚಯವಾದದ್ದು. ಡಾಕ್ಟರ ಮನೆಯಲ್ಲಿ ನಾಣ್ಯಗಳು ಮಖಮಲ್ಲಿನ ತಟ್ಟೆಗಳಲ್ಲಿ ಸಾಲಾಗಿ ಮಲಗಿರುತ್ತಿದ್ದವು. ಕಂಚಿನ ಮೇಲೆ ಶತಮಾನಗಳ ಕಾಲ ಮಣ್ಣಿನಲ್ಲಿ ಕೂತು ಬೆಳೆದ ಹಸಿರು ಪದರವನ್ನು ಅವರು ನಾಣ್ಯದ ಚರ್ಮ ಎನ್ನುತ್ತಿದ್ದರು. ಆ ಚರ್ಮ ಹೋದರೆ ನಾಣ್ಯ ಸತ್ತ ಹಾಗೆ, ನೀರು, ಎಣ್ಣೆ, ತಾಳ್ಮೆ ಮೂರನ್ನು ಬಿಟ್ಟು ಬೇರೇನನ್ನೂ ಮುಟ್ಟಿಸಬಾರದು ಎಂದು ಮೊದಲ ದಿನವೇ ಹೇಳಿಕೊಟ್ಟಿದ್ದರಂತೆ. ನನ್ನ ಗಂಡ ತಿಂಗಳಿಗೊಮ್ಮೆ ಅಲ್ಲಿಗೆ ಹೋಗಿ, ಅವರ ಕಾಫಿ ಕುಡಿದು, ಅವರ ನಾಣ್ಯ ನೋಡಿ ಬರುತ್ತಿದ್ದರು. ತನ್ನದೆಂದು ತೋರಿಸಲು ನನ್ನವರ ಬಳಿ ಒಂದೂ ಇರಲಿಲ್ಲ. ಇದ್ದವೆಲ್ಲ ಸವೆದವು, ಮುಕ್ಕಾದವು. ತಾನೇ ಮಣ್ಣಿನಿಂದ ಬಿಡಿಸಿದ ಒಂದು ಒಳ್ಳೆಯ ನಾಣ್ಯವನ್ನು ಡಾಕ್ಟರ ಅಂಗೈಯಲ್ಲಿ ಇಡಬೇಕು ಎಂಬುದೊಂದೇ ಅವರ ಆಸೆ. ಬಾಯಿಬಿಟ್ಟು ಹೇಳಿದ್ದಿಲ್ಲ, ಆದರೆ ಮನೆಯಲ್ಲಿ ಇರುವವಳಿಗೆ ಗೊತ್ತಾಗದೆ ಇರುತ್ತದೆಯೇ.

ನಾನು ಬಸುರಿಯಾಗಿದ್ದಾಗ ಆ ನಾಣ್ಯ ಬಂತು. ಎಲ್ಲದರಂತೆ ಅದೂ ಒಂದು ಮಣ್ಣುಂಡೆ. ನನ್ನ ಹೊಟ್ಟೆ ಬೆಳೆಯುತ್ತ ಹೋದಂತೆ ಅದರ ಮುಖ ಮೂಡುತ್ತ ಹೋಯಿತು. ಕಂಡದ್ದು ಗಂಡಸಿನ ಮುಖವಲ್ಲ. ಓರಣವಾಗಿ ಬಾಚಿ ಕಟ್ಟಿದ ಕೂದಲು, ಮೇಲೊಂದು ಪಟ್ಟಿ, ಕುತ್ತಿಗೆಯಲ್ಲಿ ಎರಡೆಳೆಯ ಹಾರ, ಹೆಗಲ ಮೇಲೆ ಹೊದಿಕೆ. ಸುತ್ತಲಿನ ಅಕ್ಷರಗಳನ್ನು ಕೂಡಿಸಿ ಓದಿದ ದಿನ ಅವರು ಕುರ್ಚಿಯಿಂದ ಎದ್ದು ನಿಂತುಬಿಟ್ಟರು. ಚಕ್ರವರ್ತಿಯ ತಾಯಿ. ಮುದಿವಯಸ್ಸಿನಲ್ಲಿ ಜೆರುಸಲೇಮಿಗೆ ಹೋಗಿ ಯೇಸುವಿನ ಶಿಲುಬೆಯನ್ನು ಹುಡುಕಿ ತೆಗೆದಳೆಂದು ನಮ್ಮ ಧರ್ಮೋಪದೇಶದ ತರಗತಿಯಲ್ಲಿ ಕಲಿಸಿದ್ದರಲ್ಲ, ಅದೇ ರಾಣಿ. ಹಿಂಬದಿಯಲ್ಲಿ ಕೊಂಬೆಯೊಂದನ್ನು ಕೆಳಮುಖವಾಗಿ ಹಿಡಿದು ನಿಂತ ಹೆಂಗಸು, ರಾಜ್ಯ ನೆಮ್ಮದಿಯಾಗಿದೆ ಎಂಬ ಗುರುತು.

"ಅಪರೂಪದ್ದಲ್ಲ," ಎಂದರು, ಬೆಳಕಿಗೆ ಹಿಡಿದು. "ಡಾಕ್ಟರ ಹತ್ರ ಇಂಥದ್ದು ಬೇಕಾದಷ್ಟು ಉಂಟು. ಆದ್ರೆ ಚರ್ಮ ನೋಡು ಇದರದ್ದು."

ನೋಡಿದೆ. ಕೆಸುವಿನೆಲೆಯ ಹಸಿರು, ಒಂದು ಗೀರಿಲ್ಲದೆ. ನಿಜಕ್ಕೂ ಚಂದವಿತ್ತು. ಮಗುವಿನ ದೀಕ್ಷಾಸ್ನಾನದ ಊಟಕ್ಕೆ ಡಾಕ್ಟರನ್ನು ಕರೆಯುವುದು, ಅವತ್ತು ತೋರಿಸುವುದು ಎಂದು ಆಗಲೇ ತೀರ್ಮಾನವಾಯಿತು. ಮಗು ಹುಟ್ಟಲು ಇನ್ನೂ ವಾರಗಳಿದ್ದವು.

ಬಾಣಂತನಕ್ಕೆ ಊರಿಂದ ನನ್ನ ಅಮ್ಮ ಬಂದಳು. ವಿಸಿಟ್ ವೀಸಾದಲ್ಲಿ, ಮೊದಲ ವಿಮಾನಯಾನ. ಪೆಟ್ಟಿಗೆಯಲ್ಲಿ ಅವಳ ಬಟ್ಟೆ ಇದ್ದದ್ದು ಒಂದು ಮೂಲೆ. ಉಳಿದದ್ದೆಲ್ಲ ಕುಚ್ಚಲಕ್ಕಿ, ಮೆಂತೆ, ಓಮ, ತೆಂಗಿನೆಣ್ಣೆ, ಮತ್ತೆ ತೆಂಗಿನಕಾಯಿ ಗಾತ್ರದ ಒಂದು ಹುಣಸೆಹುಳಿ ಉಂಡೆ. ಏರ್‌ಪೋರ್ಟಿನಲ್ಲಿ ಅದನ್ನು ಬಿಚ್ಚಿಸಿ, ಮೂಸಿ, ಮೂವರು ಸೇರಿ ಚರ್ಚೆ ಮಾಡಿ ಬಿಟ್ಟರಂತೆ. ಇಲ್ಲೂ ಹುಳಿ ಸಿಗುತ್ತದೆ ಎಂದೆ. "ಸಿಗ್ಲಿ. ಇದು ನಮ್ಮ ಮರದ್ದು," ಎಂದಳು ಅಮ್ಮ.

ಅಳಿಯನ ಜೊತೆ ಅವಳದು ಬಹಳ ಗೌರವದ ಮಾತು. ಬನ್ನಿ, ಕೂತ್ಕೊಳ್ಳಿ, ಊಟ ಮಾಡಿ. ಅವರೂ "ಹೌದು ಮಾಯಿ, ಆಯ್ತು ಮಾಯಿ" ಎನ್ನುವುದರಾಚೆ ಹೋಗುತ್ತಿರಲಿಲ್ಲ. ಅತ್ತೆಗೆ ನಮ್ಮಲ್ಲಿ ಮಾಯಿ ಎನ್ನುತ್ತೇವೆ. ಇಬ್ಬರೂ ಒಬ್ಬರನ್ನೊಬ್ಬರು ಕಂಡು ನಾಚುತ್ತ, ನಡುವೆ ನಾನು ದುಭಾಷಿಯ ಹಾಗೆ. ಕಿಟಕಿಯ ಭರಣಿಗಳನ್ನು ಅಮ್ಮ ಬಂದ ಮರುದಿನವೇ ಕಂಡುಹಿಡಿದಳು. "ಒಳ್ಳೆ ಎಣ್ಣೆ ಹಾಳು ಮಾಡ್ತಾರಲ್ಲ ನಿನ್ನ ಗಂಡ. ಎಂತಕ್ಕೆ ಇದು?" ಎಂದು ನನ್ನ ಕಿವಿಯಲ್ಲಿ ಕೇಳಿದಳು. ಹಳೇ ಕಾಲದ್ದು ಎಂದೆ. ಹಳತು ಅಂದ್ರೆ ಕೊಳೆಯಾಗಿ ಇಡ್ಬೇಕಾ ಎಂದಳು.

ಮಗಳು ಹುಟ್ಟಿದಳು. ಆಸ್ಪತ್ರೆಯಿಂದ ಬಂದ ವಾರದಲ್ಲೊಂದು ಸಂಜೆ, ಏನು ತೋಚಿತೋ, ಗಂಡ ಆ ನಾಣ್ಯವನ್ನು ಅಮ್ಮನ ಮುಂದೆ ಹಿಡಿದು ಅದು ಯಾರೆಂದು ಹೇಳಿದರು. ಅಮ್ಮ ಕೈಯನ್ನು ಸೀರೆಗೆ ಒರೆಸಿಕೊಂಡು ತೆಗೆದುಕೊಂಡಳು. ಕಣ್ಣಿಗೆ ಒತ್ತಿ, ಮುತ್ತಿಟ್ಟಳು. ತಿರುಗಿಸಿ ಹಿಂಬದಿಯ ಹೆಂಗಸನ್ನು ನೋಡಿದಳು.

"ಗರಿ ಹಿಡ್ಕೊಂಡಿದ್ದಾರೆ," ಎಂದಳು. "ಗರಿಗಳ ಆದಿತ್ಯವಾರದ್ದು."

ಅದು ಯೇಸುವನ್ನು ಜೆರುಸಲೇಮಿಗೆ ಸ್ವಾಗತಿಸಿದ ಗರಿಯಲ್ಲ, ರೋಮಿನವರ ಸರಕಾರದ ಕೊಂಬೆ ಎಂದು ಹೇಳಲು ನಾನು ಬಾಯಿ ತೆರೆದೆ. ಗಂಡ ಕಣ್ಣಲ್ಲೇ ತಡೆದರು. "ಹಾಗೆಯೇ ಕಾಣ್ತದೆ ಮಾಯಿ," ಎಂದರು. ಅವತ್ತು ಅವರಿಬ್ಬರು ಮೊದಲ ಬಾರಿಗೆ ನನ್ನ ಸಹಾಯವಿಲ್ಲದೆ ಬಹಳ ಹೊತ್ತು ಮಾತಾಡಿದರು. ನನಗೆ ಆದ ಸಂತೋಷ ಇಷ್ಟಿಷ್ಟಲ್ಲ.

ದೀಕ್ಷಾಸ್ನಾನ ಶುಕ್ರವಾರಕ್ಕೆ ಗೊತ್ತಾಯಿತು. ಗುರುವಾರ ಬೆಳಿಗ್ಗೆ ಅಮ್ಮ ನನಗೆ ಎಣ್ಣೆ ತಿಕ್ಕಿ, ಬಿಸಿನೀರು ಹೊಯ್ದು, ಹೊದೆಸಿ ಮಲಗಿಸಿದಳು. ಗಂಡ ಆಫೀಸಿನಲ್ಲಿದ್ದರು. ನಮ್ಮ ಮನೆಗಳಲ್ಲಿ ಹಬ್ಬದ ಹಿಂದಿನ ದಿನ ಅಲ್ತಾರಿನ, ಎಂದರೆ ಮನೆಯೊಳಗಿನ ಪ್ರಾರ್ಥನಾಪೀಠದ, ಹಿತ್ತಾಳೆಯನ್ನೆಲ್ಲ ಇಳಿಸಿ ಹುಣಸೆಹುಳಿ, ಉಪ್ಪು ಹಾಕಿ ಉಜ್ಜುವುದು ರೂಢಿ. ಶಿಲುಬೆ, ಮೇಣದಬತ್ತಿಯ ಕಂಬಗಳು, ಧೂಪದ ಬಟ್ಟಲು, ಎಲ್ಲ ಬಂಗಾರದ ಹಾಗೆ ಹೊಳೆಯಬೇಕು. ಕೊಳೆಯಾದ ಶಿಲುಬೆಯ ಮುಂದೆ ಪ್ರಾರ್ಥನೆಗೆ ಕೂರುವುದೆಂದರೆ ಅಮ್ಮನಿಗೆ ಸ್ನಾನ ಮಾಡದೆ ಚರ್ಚಿಗೆ ಹೋದಂತೆ. ಈ ರೂಢಿ ಅವಳ ಜೊತೆಗೇ ವಿಮಾನ ಹತ್ತಿ ಬಂದಿತ್ತು.

ನಾನು ಎದ್ದು ಹಾಲಿಗೆ ಬಂದಾಗ ನಮ್ಮ ಪುಟ್ಟ ಅಲ್ತಾರ್ ಝಗಝಗಿಸುತ್ತಿತ್ತು. ಮಾತೆ ಮರಿಯಮ್ಮನ ಪಾದದ ಬಳಿ, ಬಿಳಿ ಕ್ರೋಶೆ ಬಟ್ಟೆಯ ಮೇಲೆ, ರಾಣಿಯನ್ನು ಒರಗಿಸಿ ನಿಲ್ಲಿಸಿದ್ದಳು. ಹಸಿರಿನ ಹೆಸರಿಲ್ಲ. ಹೊಸ ತಾಮ್ರದ ತಂಬಿಗೆಯ ಹಾಗೆ ಕೆಂಪಗೆ, ಮೈತುಂಬ ಸಣ್ಣ ಸಣ್ಣ ಗುಳಿ. ಕೊರಳಿನ ಹಾರ ಹೋಗಿತ್ತು. ಕೂದಲಿನ ಎಳೆಗಳು ಹೋಗಿದ್ದವು. ಅಕ್ಷರಗಳಲ್ಲಿ ಅರ್ಧ ಇರಲಿಲ್ಲ. ಮೂಗು ಮಾತ್ರ ಉಳಿದಿತ್ತು.

"ಹೇಗೆ?" ಎಂದಳು ಅಮ್ಮ. ಉಜ್ಜಿ ಉಜ್ಜಿ ಬೆರಳ ತುದಿಗಳು ಬೆಳ್ಳಗಾಗಿದ್ದವು. "ಎಷ್ಟು ಕಿಲುಬು ಹಿಡಿದಿತ್ತು ಗೊತ್ತುಂಟಾ? ನಾಳೆ ಮಗುವಿನ ದಿನ, ಅವರನ್ನು ಹಾಗೆ ಇಡ್ಲಿಕ್ಕೆ ಆಗ್ತದಾ?"

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಆದರೆ ಅವತ್ತು ಬರಲಿಲ್ಲ. ಹೆದರಿಕೆ ಬಂತು. ಗಂಡ ಬಂದು ಏನೆಂದಾರು, ಅಮ್ಮ ಹೇಗೆ ತಡೆದುಕೊಂಡಾಳು.

ಅವರು ಮಧ್ಯಾಹ್ನ ಬಂದರು. ಶೂ ಬಿಚ್ಚುತ್ತಿದ್ದಂತೆ ಕಣ್ಣು ಅಲ್ತಾರಿನ ಮೇಲೆ ಬಿತ್ತು. ಒಂದು ಶೂ ಕಾಲಲ್ಲೇ ಇತ್ತು, ಹಾಗೇ ಹತ್ತಿರ ಹೋಗಿ ನೋಡಿದರು. "ಈಗ ರಾಣಿಯ ಹಾಗೆ ಕಾಣ್ತಾರೆ, ನೋಡಿ," ಎಂದು ಅಮ್ಮ ಹಿಂದಿನಿಂದ ಹೇಳಿದಳು. ಅವರು ಬಾತ್‌ರೂಮಿಗೆ ಹೋದರು. ನಲ್ಲಿ ಬಹಳ ಹೊತ್ತು ಸುರಿಯಿತು. ಮುಖ ತೊಳೆದು ಬಂದವರು ಟವೆಲಿನಿಂದ ಒರೆಸಿಕೊಳ್ಳುತ್ತ, "ಚಂದ ಆಗಿದೆ ಮಾಯಿ," ಎಂದರು.

ಕೋಣೆಯಲ್ಲಿ ನಾನು ಪಿಸುಗುಟ್ಟಿದೆ. "ಡಾಕ್ಟರಿಗೆ ಬರ್ಬೇಡಿ ಅಂತ ಹೇಳುವ."

"ಮಗುವಿನ ಊಟಕ್ಕೆ ಕರೆದವರಿಗೆ ಬರ್ಬೇಡಿ ಅಂತ ಹೇಗೆ ಹೇಳುದು?"

"ಹಾಗಾದ್ರೆ ಆದದ್ದು ಆದ ಹಾಗೆ ಹೇಳಿ. ಅಮ್ಮನಿಗೆ ಗೊತ್ತಿರ್ಲಿಲ್ಲ ಅಂತ."

ಅವರು ತಲೆಯಲ್ಲಾಡಿಸಿದರು. "ಹೇಳಿದ್ರೆ ಅವರು ನಗ್ತಾರೆ. ಹೋದಲ್ಲೆಲ್ಲ ಹೇಳ್ತಾರೆ, ಇಂಡಿಯಾದ ಒಬ್ಬಳು ಮುದುಕಿ ಹೀಗೆ ಮಾಡಿದ್ದಳಂತೆ ಅಂತ. ಮಾಯಿಯ ವಿಷಯಕ್ಕೆ ಯಾರೂ ನಗುದು ಬೇಡ."

ಶುಕ್ರವಾರ ದೀಕ್ಷಾಸ್ನಾನ ಚೆನ್ನಾಗಿಯೇ ಆಯಿತು. ಮಗು ನೀರು ಬಿದ್ದಾಗ ಅಳಲಿಲ್ಲ. ಕುವೈತಿನಲ್ಲಿ ಹಂದಿಮಾಂಸ ಸಿಗುವುದಿಲ್ಲವಾದ್ದರಿಂದ ಅಮ್ಮ ಅದಕ್ಕೆ ಹಾಕುವ ಬಫಾತ್ ಮಸಾಲೆಯಲ್ಲೇ ಕುರಿಮಾಂಸ ಮಾಡಿದ್ದಳು, ಜೊತೆಗೆ ಇಡ್ಲಿಯಂಥ ಸನ್ನ. ಡಾಕ್ಟರು ಎರಡೆರಡು ಸಲ ಹಾಕಿಸಿಕೊಂಡು ಉಂಡರು. ಉಳಿದ ನೆಂಟರು ಹೊರಟ ಮೇಲೆ ಬ್ಯಾಗಿನಿಂದ ಒಂದು ಪುಟ್ಟ ಮರದ ಪೆಟ್ಟಿಗೆ ತೆಗೆದು ಮೇಜಿನ ಮೇಲಿಟ್ಟರು. ಒಳಗೆ ನೀಲಿ ಮಖಮಲ್ಲು, ನಡುವೆ ನಾಣ್ಯವೊಂದಕ್ಕೆ ಸರಿಯಾಗಿ ಕೊರೆದ ಗುಂಡಿ. ಗಂಡನ ಬಾಯಲ್ಲಿ ಕೇಳಿದ್ದ ರಾಣಿಗಾಗಿ ಮಾಡಿಸಿ ತಂದಿದ್ದರು.

"ಎಲ್ಲಿ, ತನ್ನಿ," ಎಂದು ಇಂಗ್ಲಿಷಿನಲ್ಲಿ ಹೇಳಿ ಕೈ ಚಾಚಿದರು.

ಗಂಡ ಅಲ್ತಾರಿನಿಂದ ನಾಣ್ಯ ತೆಗೆದು ಅವರ ಅಂಗೈಯಲ್ಲಿ ಇಟ್ಟರು. ಎಷ್ಟು ದಿನದಿಂದ ಕಾದ ಗಳಿಗೆ ಅದು. ಡಾಕ್ಟರು ಮೊದಲು ನಾಣ್ಯ ನೋಡಿದರು, ಆಮೇಲೆ ಗಂಡನ ಮುಖ ನೋಡಿದರು. ಅಮ್ಮ ಬಾಗಿಲಲ್ಲಿ ಪಾಯಸದ ಟ್ರೇ ಹಿಡಿದು ನಿಂತಿದ್ದಳು, ಮೆಚ್ಚುಗೆಯ ಮಾತು ಕೇಳಲು.

"ಇದನ್ನು ಮಾಡಿದ್ದು ಯಾರು?"

"ನಾನೇ," ಎಂದರು ಗಂಡ. "ಇವತ್ತಿಗೆ ಹೊಳೆಯಲಿ ಅಂತ ಆತುರ ಮಾಡಿದೆ."

ಡಾಕ್ಟರು ದನಿ ಏರಿಸುವವರಲ್ಲ. ಅವತ್ತು ಏರಿಸಿದರು. ಮೊದಲ ದಿನವೇ ಹೇಳಿರಲಿಲ್ಲವೇ, ಇಷ್ಟು ಶತಮಾನ ಮಣ್ಣು ಕಾಪಾಡಿದ್ದನ್ನು ಒಂದು ಬೆಳಿಗ್ಗೆಯಲ್ಲಿ ಮುಗಿಸಿದಿರಲ್ಲ, ಇಷ್ಟು ವರ್ಷ ನನ್ನ ಮನೆಯಲ್ಲಿ ಕೂತು ನೀವು ಕಲಿತದ್ದು ಇದೇನಾ, ಎಂದರು. ಗಂಡ ತಲೆ ತಗ್ಗಿಸಿ, ಪಾಠ ಒಪ್ಪಿಸಲಾರದ ಹುಡುಗನ ಹಾಗೆ ಕೂತಿದ್ದರು. ನನ್ನ ನಾಲಗೆಯ ತುದಿಗೆ ಸತ್ಯ ಬಂದಿತ್ತು. ಅವರು ಒಮ್ಮೆ ನನ್ನ ಕಡೆ ನೋಡಿದರು, ನಾನು ನುಂಗಿಕೊಂಡೆ. ಡಾಕ್ಟರು ಪೆಟ್ಟಿಗೆಯ ಮುಚ್ಚಳ ಹಾಕಿ ಮತ್ತೆ ಬ್ಯಾಗಿನೊಳಗೆ ಇಟ್ಟುಕೊಂಡರು. ಅಮ್ಮ ಮುಂದೆ ಬಂದು ಪಾಯಸ ಕೊಟ್ಟಳು. ಅವರು ಮರ್ಯಾದೆಗೆ ಎರಡು ಚಮಚ ತಿಂದು ಎದ್ದರು.

ಅವಳಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. "ಎಂತ ಹೇಳಿದ್ರು ಅವರು?" ಎಂದು ಕೇಳಿದಳು.

"ಅವರ ಹತ್ರ ಇಷ್ಟು ಹೊಳೆಯುವಂಥದ್ದು ಇಲ್ವಂತೆ ಮಾಯಿ," ಎಂದರು ಗಂಡ. ಅದು ಸುಳ್ಳೂ ಅಲ್ಲ.

ಡಾಕ್ಟರ ಮನೆಯ ಬಾಗಿಲು ಮುಚ್ಚಲಿಲ್ಲ. ಕಾಫಿ, ಮಾತು ಎಲ್ಲ ಮೊದಲಿನ ಹಾಗೇ ನಡೆಯಿತು. ಆದರೆ ಮೊದಲೆಲ್ಲ ನಾಣ್ಯವನ್ನು ಕೈಗೆ ಕೊಡುತ್ತಿದ್ದವರು ಆಮೇಲೆ ಮೇಜಿನ ಮೇಲಿಟ್ಟು ತೋರಿಸುತ್ತಿದ್ದರಂತೆ. ಈ ಮಾತನ್ನು ಗಂಡ ನನಗೆ ಹೇಳಿದ್ದು ಡಾಕ್ಟರು ಕುವೈತ್ ಬಿಟ್ಟು ತಮ್ಮ ದೇಶಕ್ಕೆ ಮರಳಿದ ಮೇಲೆ. ನನಗೆ ಅಳು ತಡೆಯಲಿಲ್ಲ.

ಅಮ್ಮ ಊರಿಗೆ ಹೊರಟಾಗ ಗಂಡ ನಾಣ್ಯವನ್ನು ಒಂದು ಕರವಸ್ತ್ರದಲ್ಲಿ ಕಟ್ಟಿ ಅವಳಿಗೇ ಕೊಟ್ಟರು. ಅವಳು ಬೇಡ ಎನ್ನಲಿಲ್ಲ. ಅವರ ತಲೆಯ ಮೇಲೆ ಕೈಯಿಟ್ಟು "ದೇವರು ಒಳ್ಳೆದು ಮಾಡ್ಲಿ, ಪುತಾ," ಎಂದಳು. ಅದುವರೆಗೂ ಅಳಿಯನನ್ನು ಅವಳು ಹಾಗೆ ಮಗನೇ ಎಂದು ಕರೆದದ್ದಿಲ್ಲ. ಮೊಮ್ಮಗಳು ಹುಟ್ಟಿದ ಸಂತೋಷ ಎಂದುಕೊಂಡೆ.

ಮುಂದೆ ನಾವು ಎಷ್ಟೋ ಸಲ ರಜೆಗೆ ಹೋಗಿ ಬಂದೆವು. ಎಲ್ಲ ಬೇಸಗೆಯ ಓಡಾಟ, ಮದುವೆಗಳು, ಬ್ಯಾಂಕು, ಅಮ್ಮನಲ್ಲಿ ಹೆಸರಿಗೊಂದು ಊಟ. ಕ್ರಿಸ್ಮಸ್ಸಿಗೆ ಹೋದದ್ದು ಮಗಳು ಹೈಸ್ಕೂಲಿಗೆ ಬಂದ ಮೇಲೆ ಒಂದೇ ಸಲ. ಅಮ್ಮ ಇದ್ದ ಅಣ್ಣನ ಮನೆ ತುಂಬ ಮಕ್ಕಳು. ನನ್ನ ಮಗಳು ಅಜ್ಜಿಯ ಮಾತೆಲ್ಲ ಅರ್ಥ ಮಾಡಿಕೊಂಡು ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಕೊಡುತ್ತ ಅವಳ ಹಿಂದೆಯೇ ತಿರುಗುತ್ತಿದ್ದಳು. ಹಬ್ಬದ ಹಿಂದಿನ ದಿನ ಅಮ್ಮ ಅಲ್ತಾರಿನ ಹಿತ್ತಾಳೆಯನ್ನೆಲ್ಲ ಹಿತ್ತಿಲ ಬಟ್ಟೆಕಲ್ಲಿನ ಹತ್ತಿರ ರಾಶಿ ಹಾಕಿಕೊಂಡು ಕೂತಳು. ತೊಳೆದಾದ ಶಿಲುಬೆ ಬಿಸಿಲಲ್ಲಿ ಕಣ್ಣು ಕುಕ್ಕುತ್ತಿತ್ತು.

ಗಂಡ ಒಳಗಿನಿಂದ ಬಂದರು. ಕೈಯಲ್ಲಿ ಆ ನಾಣ್ಯವಿತ್ತು. ಮಾತೆಯ ಪಾದದ ಬಳಿ ಅದೊಂದು ಉಳಿದುಹೋಗಿತ್ತು. ದಿನವೂ ಜಪಸರದ ಜೊತೆ ಅಮ್ಮನ ಕೈಯಲ್ಲಿ ಇದ್ದು ಇದ್ದು ಅದು ಈಗ ಕಂದು ತಿರುಗಿತ್ತು. ಅಂಚಿನಲ್ಲಿ ಹೆಚ್ಚು ಕಪ್ಪು, ರಾಣಿಯ ಕೆನ್ನೆ ಅಮ್ಮನ ಹೆಬ್ಬೆರಳಿಗೆ ನುಣುಪಾಗಿತ್ತು.

"ಮಾಯಿ, ಇದು ಬಾಕಿ ಆಯ್ತಲ್ಲ," ಎಂದರು. "ತೊಳೆಯುದಿಲ್ವಾ?"

"ಇಲ್ಲ," ಎಂದಳು ಅಮ್ಮ, ಉಜ್ಜುವುದನ್ನು ನಿಲ್ಲಿಸದೆ. "ಅದಕ್ಕೆ ಹುಳಿ ಆಗುದಿಲ್ಲ."

"ಯಾರು ಹೇಳಿದ್ದು?"

"ಯಾರು ಹೇಳ್ಬೇಕು? ಆ ಹಲ್ಲಿನ ಡಾಕ್ಟ್ರು ನಿನ್ನನ್ನು ಬೈದದ್ದು ನಾನು ನೋಡ್ಲಿಲ್ವಾ? ಬೈಗುಳಕ್ಕೆ ಇಂಗ್ಲಿಷ್ ಗೊತ್ತಿರ್ಬೇಕಾ? ತೊಳೆದವಳು ನಾನು, ತಲೆ ತಗ್ಗಿಸಿ ಕೂತವನು ನೀನು. ಅವತ್ತಿನಿಂದ ನಾನು ಅದಕ್ಕೆ ನೀರು ಕೂಡ ಮುಟ್ಟಿಸ್ಲಿಲ್ಲ, ಪುತಾ."

ನಾನು ಕೇಳಿದೆ, "ಗೊತ್ತಿದ್ರೆ ಇಷ್ಟು ವರ್ಷ ಎಂತಕ್ಕೆ ಹೇಳ್ಲಿಲ್ಲ?"

"ನನಗೆ ಗೊತ್ತಾಗ್ಬಾರ್ದು ಅಂತ ಅವನು ಅಷ್ಟು ಕಷ್ಟ ಪಟ್ಟಿದ್ದಾನೆ. ಹೇಳಿದ್ರೆ ಅದು ಹಾಳಾಗ್ತಿತ್ತಲ್ಲ."

ಗಂಡ ಒಳಗೆ ಹೋಗಿ ನಾಣ್ಯವನ್ನು ಒರೆಸದೆ ಇದ್ದ ಜಾಗದಲ್ಲೇ ಇಟ್ಟು ಬಂದರು. ಪ್ಯಾಂಟು ಮೊಣಕಾಲಿಗೆ ಮಡಚಿ ಅಮ್ಮನ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತರು. ಬಟ್ಟಲಿನಿಂದ ಒಂದು ಹಿಡಿ ಹುಣಸೆಹುಳಿ ತೆಗೆದುಕೊಂಡು ಮೇಣದಬತ್ತಿಯ ಇನ್ನೊಂದು ಕಂಬವನ್ನು ಉಜ್ಜತೊಡಗಿದರು.